ಓದುಗರ ಪ್ರಶ್ನೆ: ಚಾಲಕನಿಲ್ಲದ ಕಾರಿಗೆ ನಾವೇಕೆ ಅಂಜುತ್ತೇವೆ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಫೀನಿಕ್ಸ್ ನಗರದಲ್ಲಿದ್ದಾನೆ. ನಾವಿಬ್ಬರೂ ಅವನಲ್ಲಿಗೆ ಹೋಗಿದ್ದಾಗ ಒಂದು ದಿನ ಚಾಲಕನೇ ಇಲ್ಲದ ಟ್ಯಾಕ್ಸಿ ಮನೆಯ ಮುಂದೆ ಬಂದು ನಿಂತಿತು. ಎಷ್ಟು ಹೇಳಿದರೂ ನನ್ನ ಶ್ರೀಮತಿ ಅದನ್ನು ಹತ್ತಲಿಲ್ಲ. ಅದೇ ಆಕೆ ಹುಮನಾಬಾದಿನಿಂದ ಕಲಬುರಗಿಗೆ ರಾತ್ರಿ ಹದಿನೈದು ಜನ ತುಂಬಿದ ಕ್ರೂಸರಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತ ಬರುತ್ತಾಳೆ. ಇದನ್ನು ಅಜ್ಞಾನ ಎನ್ನದೆ ಏನೆನ್ನಬೇಕು?
– ನಿವೃತ್ತ ಅಧ್ಯಾಪಕರು, ಕಲಬುರಗಿ

ಉತ್ತರ: ಅಜ್ಞಾನ ಎಂಬ ಮಾತನ್ನು ತಾವು ಹಿಂದಕ್ಕೆ ಪಡೆಯಬೇಕೆಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ಅಪಾಯವನ್ನು ಜನ ಹೇಗೆ ತೂಗುತ್ತಾರೆ ಎಂಬುದನ್ನು ಅಧ್ಯಯನ ಮಾಡಿದವರು ಈ ವಿಷಯದಲ್ಲಿ ತಮ್ಮ ಶ್ರೀಮತಿಯವರ ಪಕ್ಕಕ್ಕೇ ನಿಲ್ಲುತ್ತಾರೆ. ತಾನಾಗಿ ಒಪ್ಪಿಕೊಂಡ ಅಪಾಯವನ್ನು ಮನುಷ್ಯ ಬೇರೆಯವರು ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿ ಸಹಿಸಿಕೊಳ್ಳುತ್ತಾನೆಂದು ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ 1969ರಲ್ಲಿಯೇ ಲೆಕ್ಕ ಹಾಕಿದ್ದರು. ಸಾವಿನ ಸಂಖ್ಯೆಯೊಂದರಿಂದಲೇ ಜನರ ಭಯ ಹೆಚ್ಚುಕಡಿಮೆ ಆಗುವುದಿಲ್ಲ, ಆ ಅಪಾಯ ಎಷ್ಟು ಅಪರಿಚಿತ ಮತ್ತು ಎಷ್ಟು ಕೈಮೀರಿದ್ದು ಎಂಬುದೂ ಅದನ್ನು ನಿರ್ಧರಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ತೋರಿಸಿಕೊಟ್ಟರು.

ಕ್ರೂಸರಿನ ಸ್ಟೇರಿಂಗ್ ಕೂಡ ತಮ್ಮ ಶ್ರೀಮತಿಯವರ ಕೈಯಲ್ಲಿರುವುದಿಲ್ಲವಲ್ಲ ಎಂದು ತಾವು ಕೇಳಬಹುದು. ನಿಜ. ಆದರೆ ಆ ಚಾಲಕನ ಮುಖ ಅವರಿಗೆ ಕಾಣುತ್ತದೆ, ವೇಗ ಹೆಚ್ಚಾದರೆ ‘ಸಾವಕಾಶ ಹೊಡಿಯಪ್ಪಾ’ ಎಂದು ಹಿಂದಿನಿಂದ ಕೂಗಿ ಹೇಳಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಅವನ ಜೀವವೂ ಅದೇ ಗಾಡಿಯಲ್ಲಿದೆ. ಅವನು ಮಾಡಬಹುದಾದ ತಪ್ಪುಗಳೂ ನಮಗೆ ಗೊತ್ತಿರುವಂಥವೇ: ತೂಕಡಿಕೆ, ಕುಡಿತ, ಅವಸರ. ಯಂತ್ರ ಮಾಡುವ ತಪ್ಪು ಬೇರೆ ಜಾತಿಯದು. 2018ರ ಮಾರ್ಚಿನಲ್ಲಿ, ಫೀನಿಕ್ಸಿಗೆ ಅಂಟಿಕೊಂಡಂತಿರುವ ಟೆಂಪಿ ನಗರದಲ್ಲಿ, ಪ್ರಯೋಗಕ್ಕೆ ಬಿಟ್ಟಿದ್ದ ಊಬರ್ ಕಂಪನಿಯ ಸ್ವಯಂಚಾಲಿತ ಕಾರು ರಾತ್ರಿಯ ಹೊತ್ತು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ತೀರಿಕೊಂಡರು. ಡಿಕ್ಕಿಗೆ ಐದಾರು ಸೆಕೆಂಡು ಮೊದಲೇ ಕಾರಿನ ಸಂವೇದಕಗಳು ಆಕೆಯನ್ನು ಗುರುತಿಸಿದ್ದವು. ಆದರೆ ಅದು ವಾಹನವೋ, ಸೈಕಲ್ಲೋ, ಇನ್ನಾವುದೋ ವಸ್ತುವೋ ಎಂದು ತಂತ್ರಾಂಶ ಮತ್ತೆ ಮತ್ತೆ ನಿರ್ಣಯ ಬದಲಿಸುತ್ತಲೇ ಹೋಯಿತು. ಪಾದಚಾರಿ ದಾಟುವ ಪಟ್ಟೆಯ ಹೊರಗೂ ಮನುಷ್ಯರು ರಸ್ತೆ ದಾಟಬಹುದು ಎಂಬ ಸಾಧ್ಯತೆಯನ್ನೇ ಆ ತಂತ್ರಾಂಶದಲ್ಲಿ ಅಳವಡಿಸಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿದ್ದಿತು. ಪಟ್ಟೆಯ ಮೇಲೆ ರಸ್ತೆ ದಾಟುವವರನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ನಾನಂತೂ ಎಣಿಸುವಷ್ಟೂ ಕಂಡಿಲ್ಲ.

ಹಾಗೆಂದು ತಮ್ಮ ವಾದವನ್ನು ತಳ್ಳಿಹಾಕುವಂತಿಲ್ಲ. 2022ನೇ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಎಂದರೆ ದಿನಕ್ಕೆ ಸುಮಾರು 460. ಇವುಗಳಲ್ಲಿ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿ ಹೇಳುತ್ತದೆ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಅದು ಕುಡಿಯುವುದಿಲ್ಲ, ಮೊಬೈಲ್ ನೋಡುವುದಿಲ್ಲ, ಮುಂದಿನ ಗಾಡಿಯ ಮೇಲೆ ಹಟ ಸಾಧಿಸುವುದಿಲ್ಲ. ಕಣ್ಣು ಮಂಜಾದ ಹಿರಿಯರಿಗೆ ಅದು ಬೇರೆಯವರ ಹಂಗಿಲ್ಲದೆ ಓಡಾಡುವ ಅನುಕೂಲವನ್ನೂ ಕೊಡಬಲ್ಲದು. ದಿನವೂ ನಡೆಯುವ 460 ಸಾವುಗಳು ನಮಗೆ ರೂಢಿಯಾಗಿ ಹೋಗಿವೆ, ಟೆಂಪಿಯ ಒಂದು ಸಾವು ಮಾತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ತಾವು ಕಂಡ ಟ್ಯಾಕ್ಸಿ ಓಡಾಡುವುದು ಅಂಗುಲ ಅಂಗುಲವಾಗಿ ನಕ್ಷೆ ಮಾಡಿಟ್ಟ, ಗೆರೆ ಅಳಿಸದ ರಸ್ತೆಗಳಲ್ಲಿ. ಅಲ್ಲಿ ಅದು ಪಡೆದ ಅಂಕಗಳನ್ನು, ಹಿಂದೆ ಒಂದು ದೀಪವೂ ಇಲ್ಲದೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ, ಸುಗ್ಗಿಯಲ್ಲಿ ತೊಗರಿ ಹರವಿದ ನಮ್ಮ ರಸ್ತೆಗಳಿಗೆ ವರ್ಗಾಯಿಸಲು ಬರುವುದಿಲ್ಲ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಸಂಗತಿಯಿದೆ. ಅನುಕೂಲ ಕಾರಿನ ಒಳಗಿರುವವನಿಗೆ. ಅಪಾಯದ ದೊಡ್ಡ ಪಾಲು ಹೊರಗಿರುವವನಿಗೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರ ಪೈಕಿ ದ್ವಿಚಕ್ರ ವಾಹನದವರು ನೂರಕ್ಕೆ 44ರಷ್ಟು, ನಡೆದು ಹೋಗುತ್ತಿದ್ದವರು ಸುಮಾರು 19ರಷ್ಟು. ಅನಿವಾರ್ಯ ಸಂದರ್ಭದಲ್ಲಿ ಹೆಚ್ಚು ಜನರನ್ನು ಉಳಿಸಲು ಒಳಗಿರುವವನನ್ನೇ ಬಲಿಕೊಡುವ ಕಾರು ಒಳ್ಳೆಯದೇ ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಹುಪಾಲು ಜನ ಹೇಳಿದ್ದರು. ಆದರೆ ನೀವು ಯಾವುದನ್ನು ಕೊಳ್ಳುತ್ತೀರಿ ಎಂದು ಕೇಳಿದಾಗ, ಒಳಗಿದ್ದವರನ್ನು ಕಾಯುವ ಕಾರನ್ನೇ ಅವರು ಬಯಸಿದರು. ಆದ್ದರಿಂದ ‘ಈ ಕಾರು ಸುರಕ್ಷಿತವೇ’ ಎಂಬ ಪ್ರಶ್ನೆಯನ್ನು ಫೀನಿಕ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿದಾಗ ಬರುವ ಉತ್ತರವೂ, ಸೇಡಂ ರಸ್ತೆಯ ಅಂಚಿನಲ್ಲಿ ಮೊಮ್ಮಗನ ಕೈ ಹಿಡಿದು ನಿಂತು ಕೇಳಿದಾಗ ಬರುವ ಉತ್ತರವೂ ಒಂದೇ ಆಗಿರಬೇಕಾಗಿಲ್ಲ.

ಪ್ರಶ್ನೆ: ನನ್ನ ಹೊಸ ಕಾರು ತಾನೇ ಲೇನ್ ಹಿಡಿದು ಓಡುತ್ತದೆ, ತಾನೇ ಬ್ರೇಕ್ ಹಾಕುತ್ತದೆ. ಹೆದ್ದಾರಿಯಲ್ಲಿ ಕೈ ಬಿಡಬಹುದೇ?
– ವ್ಯಾಪಾರಿ, ಬೀದರ್

ಉತ್ತರ: ದಯವಿಟ್ಟು ಬಿಡಬೇಡಿ. ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ. ತಮ್ಮ ಕಾರು ಹೆಚ್ಚೆಂದರೆ ಎರಡನೆಯ ಹಂತದ್ದು. ಆ ಹಂತದಲ್ಲಿ ಹೊಣೆ ಪೂರ್ತಿಯಾಗಿ ಚಾಲಕನದೇ. ಹತ್ತುವ ಮೊದಲು ಅತಿಯಾಗಿ ಅಂಜುವ ನಾವು, ನಾಲ್ಕು ದಿನ ಏನೂ ಆಗದಿದ್ದರೆ ಅತಿಯಾಗಿ ನಂಬಿಬಿಡುತ್ತೇವೆ, ಮತ್ತು ನನಗೆ ಈ ಎರಡನೆಯದರ ಚಿಂತೆಯೇ ಹೆಚ್ಚು. ಮೇಲೆ ಹೇಳಿದ ಟೆಂಪಿಯ ಕಾರಿನಲ್ಲಿಯೂ ಕಣ್ಣಿಡಲೆಂದೇ ಒಬ್ಬರನ್ನು ಕೂರಿಸಿದ್ದರು. ಡಿಕ್ಕಿಗೆ ಮೊದಲು ಅವರ ದೃಷ್ಟಿ ಮೊಬೈಲಿನ ಮೇಲಿತ್ತು.

ಪ್ರಶ್ನೆ: ಇಂಥ ಗಾಡಿಗಳು ಬಂದರೆ ಟಂಟಂ ಓಡಿಸುವ ನಮ್ಮ ಗತಿಯೇನು?
– ಟಂಟಂ ಚಾಲಕ, ಶಹಾಬಾದ್

ಉತ್ತರ: ಚಾಲಕರ ಉದ್ಯೋಗ ಹೋಗುತ್ತದೆ ಎಂಬ ಕಾರಣ ನೀಡಿಯೇ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಇಂಥ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದು ಹೇಳಿದ್ದಾರೆ. ಸಚಿವರ ಮಾತು ಕಾಯಂ ಅಲ್ಲದಿದ್ದರೂ ತಮ್ಮ ಕೆಲಸ ಯಂತ್ರಕ್ಕೆ ಸುಲಭವಾಗಿ ಒಗ್ಗುವಂಥದಲ್ಲ. ಕೈ ತೋರಿಸಿದಲ್ಲಿ ನಿಲ್ಲುವುದು, ಚೀಲ ಎತ್ತಿ ಇಡುವುದು, ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದು, ಚಿಲ್ಲರೆ ಇಲ್ಲದವರಿಗೆ ನಾಳೆ ಕೊಡು ಎನ್ನುವುದು, ಇವನ್ನೆಲ್ಲ ಯಾವ ತಂತ್ರಾಂಶಕ್ಕೂ ಇನ್ನೂ ಕಲಿಸಿಲ್ಲ. ಯಂತ್ರ ಮೊದಲು ಬರುವುದು ದಾರಿ ಬದಲಾಗದ, ಹೊರಗಿನ ಜನ ಅಡ್ಡ ಬಾರದ ಬೇಲಿಯೊಳಗಿನ ಜಾಗಗಳಿಗೆ. ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಕಬ್ಬಿಣದ ಅದಿರಿನ ಗಣಿಗಳಲ್ಲಿ ಚಾಲಕನಿಲ್ಲದ ಲಾರಿಗಳು 2008ರಿಂದಲೇ ಓಡಲಾರಂಭಿಸಿದವು. ವಾಡಿ, ಮಳಖೇಡ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಸುಣ್ಣದ ಕಲ್ಲಿನ ಗಣಿಗಳೂ ಅಂಥ ಬೇಲಿಯೊಳಗಿನ ಜಾಗಗಳೇ. ತಾವು ಕೇಳಿದ ಪ್ರಶ್ನೆಯನ್ನು ತಮಗಿಂತ ಮೊದಲು ಅಲ್ಲಿನ ಡಂಪರ್ ಚಾಲಕರು ಕೇಳಬೇಕಾಗಿ ಬರಬಹುದು.