ಮುಖ ತೊಳೆಯುವಾಗ ತೂರಾಡಿದ ಮೇಷ್ಟ್ರು

ನನ್ನ ಹತ್ತಿರ ಆಹಾರದ ಸಲಹೆಗೆ ಬರುವವರಲ್ಲಿ ಹೆಚ್ಚಿನವರಿಗೆ ತೂಕ ಇಳಿಯಬೇಕು. ಈ ಮನೆಯವರು ಬಂದದ್ದು ಒಂದು ಜಗಳ ಬಿಡಿಸಿಕೊಳ್ಳಲು. ಗುರುತು ಸಿಗಬಾರದೆಂದು ವಯಸ್ಸು, ಕೆಲಸ ಇತ್ಯಾದಿ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಅಪ್ಪನನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಅರವತ್ತೆರಡು ವರ್ಷ, ನಿವೃತ್ತ ಗಣಿತ ಶಿಕ್ಷಕರು. ಜೊತೆಗೆ ಹೆಂಡತಿ, ಮೂವತ್ತೊಂದರ ಮಗಳು.

ಮಗಳು ಕೂರುವ ಮೊದಲೇ ಬ್ಯಾಗಿನಿಂದ ಏಳು ಡಬ್ಬಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೂದಲಿಗೆ ಒಂದು, ಚರ್ಮಕ್ಕೆ ಒಂದು, 'ನರಗಳ ಶಕ್ತಿಗೆ' ಒಂದು, ಹೀಗೆ. "ಅಪ್ಪ ಒಂದನ್ನೂ ಮುಟ್ಟಲ್ಲ. ನೀವಾದರೂ ಹೇಳಿ" ಎಂದಳು.

ಮೇಷ್ಟ್ರು ಡಬ್ಬಿಗಳ ಕಡೆ ನೋಡಲೇ ಇಲ್ಲ. "ನಾನು ಸೊಪ್ಪು, ಬೇಳೆ, ತರಕಾರಿ, ಹಣ್ಣು ಎಲ್ಲ ತಿಂತೀನಿ. ದಿನಕ್ಕೆ ಎರಡು ಲೋಟ ಹಾಲು ಕುಡಿತೀನಿ. ಊಟ ಸರಿಯಿದ್ದವನಿಗೆ ಮಾತ್ರೆ ಯಾಕೆ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಒಂದು ವಾರ ತಿಂದದ್ದನ್ನೆಲ್ಲ ಅವರು ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡು ಬಂದಿದ್ದರು. ನೋಡಿದೆ. ಸಸ್ಯಾಹಾರಿಗಳ ಪಟ್ಟಿಯಲ್ಲಿ ಅಷ್ಟು ಅಚ್ಚುಕಟ್ಟಾದದ್ದು ನನಗೆ ಅಪರೂಪಕ್ಕೆ ಸಿಗುತ್ತದೆ. ಹಾಗಾದರೆ ಜಗಳ ಮುಗಿಯಿತು, ಮನೆಗೆ ಹೋಗಿ ಎನ್ನಬಹುದಿತ್ತು. ಆದರೆ ಬರುವಾಗ ಅವರ ಎಡಗಾಲಿನ ಚಪ್ಪಲಿ ಬಾಗಿಲ ಹತ್ತಿರವೇ ಕಳಚಿಕೊಂಡಿತ್ತು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ. ಒಂದೇ ಚಪ್ಪಲಿಯಲ್ಲಿ ನಡೆದು ಬಂದು ಕುರ್ಚಿಯಲ್ಲಿ ಕೂತಿದ್ದರು.

ಕಾಲು ಜೋಮು ಹಿಡಿಯುತ್ತದಾ ಎಂದು ಕೇಳಿದೆ. "ವಯಸ್ಸಾಯ್ತಲ್ಲ" ಎಂದರು. ಅಂಗಿಯ ಗುಂಡಿ ಹಾಕುವುದು ನಿಧಾನವಾಗಿದೆ ಎಂದು ಹೆಂಡತಿ ಸೇರಿಸಿದರು. ಆಮೇಲೆ ಅವರೇ ನೆನಪಿಸಿಕೊಂಡು ಇನ್ನೊಂದು ಹೇಳಿದರು: "ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಇವರು ತೂರಾಡ್ತಾರೆ. ಗೋಡೆ ಹಿಡ್ಕೊಂಡೇ ಮುಖ ತೊಳೀತಾರೆ."

ಇದನ್ನು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಕಾಲು ಎಲ್ಲಿದೆ ಎನ್ನುವ ಸುದ್ದಿಯನ್ನು ನರಗಳು ಮಿದುಳಿಗೆ ಸರಿಯಾಗಿ ಮುಟ್ಟಿಸದಿದ್ದರೆ ಕಣ್ಣು ಆ ಕೊರತೆ ತುಂಬುತ್ತದೆ. ಕಣ್ಣು ಮುಚ್ಚಿದ ಕೂಡಲೇ ಬಣ್ಣ ಬಯಲಾಗುತ್ತದೆ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹನ್ನೊಂದು ವರ್ಷದಿಂದ. ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ, ಆರು ವರ್ಷದಿಂದ. 'ಮಾತ್ರೆ ಮುಟ್ಟಲ್ಲ' ಎನ್ನುವವರು ದಿನಕ್ಕೆ ಮೂರು ನುಂಗುತ್ತಿದ್ದರು. ಅವು ಔಷಧಿ, ಲೆಕ್ಕಕ್ಕಿಲ್ಲ ಅಂತೆ!

ವಿಟಮಿನ್ ಬಿ12 ಮತ್ತು ರಕ್ತದ ಪೂರ್ತಿ ಪರೀಕ್ಷೆ ಮಾಡಿಸಿ, ನರ ನೋಡುವ ವೈದ್ಯರನ್ನು ಈ ವಾರವೇ ಕಾಣಿ ಎಂದು ಚೀಟಿ ಬರೆದುಕೊಟ್ಟೆ. ಸಲಹೆ ಕೊಡುವವರು ರೋಗ ಇದೇ ಎಂದು ತೀರ್ಮಾನಿಸಬಾರದು. ಬಿ12 ಕಡಿಮೆಯಾದರೆ ನರ ಕೆಡುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಕಾಲು ಜೋಮು ಬರುತ್ತದೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಿ12 ನೋಡುವುದೇ ಇಲ್ಲ.

ಬಿ12 ವರದಿ ಬಂತು: ಮಿಲಿಲೀಟರಿಗೆ 138 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಬಿ12 ಕೊರತೆಯಿದ್ದರೆ ರಕ್ತಹೀನತೆ ಬರುವುದುಂಟು, ಆದರೆ ಇವರ ಹಿಮೋಗ್ಲೋಬಿನ್ ಚೆನ್ನಾಗಿತ್ತು. ಹಿಂದಿನ ವರ್ಷವೂ ಚೆನ್ನಾಗಿತ್ತು, ಹಾಗಾಗಿ ಯಾರೂ ಮುಂದೆ ಹುಡುಕಿರಲಿಲ್ಲ.

ಎರಡನೇ ಸಲ ಬಂದಾಗ ಮೇಷ್ಟ್ರು ಸೋತವರಂತೆ ಕೂತಿದ್ದರು. "ಹಾಲಿನಲ್ಲಿ ಬಿ12 ಇದೆ ಅಂತಾರಲ್ಲ?" ಇದೆ. ಒಂದು ಲೋಟದಲ್ಲಿ ಸುಮಾರು 1 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2.4. ಕಾಗದದ ಮೇಲೆ ಅವರ ಲೆಕ್ಕ ಹೆಚ್ಚುಕಡಿಮೆ ಸರಿಯೇ. ಲೆಕ್ಕ ಕೆಟ್ಟದ್ದು ತಟ್ಟೆ ದಾಟಿದ ಮೇಲೆ. ಆಹಾರದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು, ಅದನ್ನೇ ಎದೆಯುರಿಯ ಮಾತ್ರೆ ತಗ್ಗಿಸಿತ್ತು. ಬಿಡಿಸಿಕೊಂಡ ಬಿ12 ಹೊಟ್ಟೆಯ ಗೋಡೆಯಲ್ಲಿ ಹುಟ್ಟುವ ಇನ್ನೊಂದು ಪ್ರೋಟೀನಿನ ಕೈ ಹಿಡಿದು ಸಣ್ಣ ಕರುಳಿನ ತುದಿಯವರೆಗೆ ಹೋಗಬೇಕು. ಅಲ್ಲಿ ಒಳಗೆ ಹೋಗುವ ಬಾಗಿಲಲ್ಲಿ ಮೆಟ್‌ಫಾರ್ಮಿನ್ ಅಡ್ಡ ಬರುತ್ತದೆ. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ಬಿ12 ದಾಸ್ತಾನು ಇರುತ್ತದೆ. ಅದಕ್ಕೇ ಕೊರತೆ ಕಾಣಿಸಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಅವರಿಗೆ ಇನ್ನೂ ನಂಬಿಕೆ ಬರಲಿಲ್ಲ. ಶಿಕ್ಷಕರಲ್ವಾ, ಪುರಾವೆ ಬೇಕು. ಹಾಗಾಗಿ ವಿಲಿಯಂ ಕ್ಯಾಸಲ್ ಎಂಬ ಅಮೆರಿಕನ್ ವೈದ್ಯರ ಕಥೆ ಹೇಳಿದೆ. 1920ರ ದಶಕ. ಆಗ ಬಿ12 ಮೈಗೆ ಸೇರದೆ ಬರುವ ಒಂದು ಬಗೆಯ ರಕ್ತಹೀನತೆ ಜನರನ್ನು ಕೊಲ್ಲುತ್ತಿತ್ತು. ಪ್ರಾಣಿಗಳ ಪಿತ್ತಜನಕಾಂಗವನ್ನು ದಿನಾ ತಿನ್ನಿಸಿದರೆ ಅದು ಹತೋಟಿಗೆ ಬರುತ್ತದೆ ಎಂದು 1926ರಲ್ಲಿ ಮಿನೋ ಮತ್ತು ಮರ್ಫಿ ತೋರಿಸಿದ್ದರು. ಆರೋಗ್ಯವಂತರು ಮಾಮೂಲಿ ಊಟದಲ್ಲೇ ಹೇಗೆ ಚೆನ್ನಾಗಿರುತ್ತಾರೆ ಎಂಬುದು ಕ್ಯಾಸಲ್ ಅವರ ಪ್ರಶ್ನೆ. ಅವರು ರೋಗಿಗಳಿಗೆ ಬರೀ ಮಾಂಸ ಕೊಟ್ಟರು, ಏನೂ ಆಗಲಿಲ್ಲ. ಆಮೇಲೆ ತಾವೇ ಮಾಂಸ ತಿಂದು, ಒಂದು ಗಂಟೆ ಬಿಟ್ಟು ವಾಂತಿ ಮಾಡಿ, ಅದನ್ನು ಕೊಳವೆಯಲ್ಲಿ ರೋಗಿಗಳ ಹೊಟ್ಟೆಗೆ ಇಳಿಸಿದರು. ರಕ್ತ ಏರತೊಡಗಿತು. ಮೇಷ್ಟ್ರು ಮುಖ ಕಿವುಚಿಕೊಂಡರು. ಆದರೆ ಒಂದು ನಿಮಿಷ ಬಿಟ್ಟು, "ಅಂದರೆ ಅದೇ ಊಟ, ಹೊಟ್ಟೆ ಮಾತ್ರ ಬೇರೆ" ಎಂದರು. ನಾನು ಇಷ್ಟುದ್ದ ಹೇಳಿದ್ದನ್ನು ಅವರು ಒಂದೇ ಸಾಲಿಗೆ ಇಳಿಸಿದ್ದರು.

ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ, ಅದಕ್ಕೆ ಆಮ್ಲದ ಹಂಗಿಲ್ಲ. ಐವತ್ತು ದಾಟಿದವರು ಬಿ12ಅನ್ನು ಬಹುಪಾಲು ಮಾತ್ರೆಯಿಂದಲೋ, ಅದನ್ನು ಸೇರಿಸಿದ ಆಹಾರದಿಂದಲೋ ಪಡೆಯಲಿ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1998ರಲ್ಲೇ ಹೇಳಿದ್ದು ಇದಕ್ಕೇ. ದೊಡ್ಡ ಪ್ರಮಾಣ ನುಂಗಿದರೆ ಹೊಟ್ಟೆಯ ಗೋಡೆಯ ಆ ಪ್ರೋಟೀನಿನ ನೆರವೂ ಇಲ್ಲದೆ ನೂರಕ್ಕೆ ಒಂದರಷ್ಟು ತಾನಾಗಿಯೇ ಒಳಗಿಳಿಯುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಸುಮಾರು 10. ದಿನದ ಅಗತ್ಯಕ್ಕೆ ಅದು ಧಾರಾಳ. ವೈದ್ಯರು ಮೊದಲು ಚುಚ್ಚುಮದ್ದು, ಆಮೇಲೆ ದಿನಾ ಇದೇ ಮಾತ್ರೆ ಎಂದು ಬರೆದಿದ್ದರು. ನನ್ನ ಪಾಲಿನ ಸಲಹೆ ಚಿಕ್ಕದು: ಮೆಟ್‌ಫಾರ್ಮಿನ್ ಮೇಲೆ ಸಿಟ್ಟು ಮಾಡಿಕೊಂಡು ನಿಲ್ಲಿಸಬೇಡಿ. ಎದೆಯುರಿ ಮಾತ್ರೆ ಇನ್ನೂ ಬೇಕಾ ಎಂದು ವೈದ್ಯರನ್ನು ಕೇಳಿ. ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ. ಊಟ ಈಗಿರುವಂತೆಯೇ ಇರಲಿ.

ಮೇಷ್ಟ್ರು ಕೈ ತೊಳೆಯಲು ಹೋದಾಗ ಹೆಂಡತಿ ಮೆಲ್ಲಗೆ ಬಾಯಿಬಿಟ್ಟರು. ಮಗಳು ತಂದ ಪೌಡರನ್ನು ಎಂಟು ತಿಂಗಳಿಂದ ಗಂಡನ ಹಾಲಿಗೆ ಬೆರೆಸುತ್ತಿದ್ದರಂತೆ. ಡಬ್ಬಿ ತಿರುಗಿಸಿ ನೋಡಿದೆ. ಫೋಲಿಕ್ ಆಮ್ಲ (ಇನ್ನೊಂದು ಬಿ ವಿಟಮಿನ್) ಭರ್ತಿಯಾಗಿತ್ತು, ಬಿ12 ಹೆಸರಿಗಷ್ಟೇ. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲ ಜಾಸ್ತಿ ಹೋದರೆ ರಕ್ತಹೀನತೆ ಮುಚ್ಚಿಹೋಗಬಹುದು. ರಕ್ತದ ವರದಿ ಚೆಂದ ಕಾಣುತ್ತದೆ, ಒಳಗೆ ನರ ಸವೆಯುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿದ್ದದ್ದಕ್ಕೆ ಇದೂ ಒಂದು ಕಾರಣ ಇದ್ದೀತು.

ಅವರಿಗೆ ನಾನು ಬೈಯಲಿಲ್ಲ. ಪ್ರೀತಿಯಿಂದ ಮಾಡಿದ್ದು. ಆದರೆ ಇವತ್ತೇ ಹೇಳಿಬಿಡಿ, ನನ್ನೆದುರಿಗೇ ಹೇಳಿ ಎಂದೆ. ಒಬ್ಬರ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ಅವರಿಗೂ ವೈದ್ಯರಿಗೂ ಗೊತ್ತಿಲ್ಲದಿದ್ದರೆ ಯಾವ ವರದಿಯನ್ನೂ ಸರಿಯಾಗಿ ಓದಲಾಗುವುದಿಲ್ಲ. ಹೇಳಿದರು. ಮೇಷ್ಟ್ರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಲಿನವನು ನೀರು ಜಾಸ್ತಿ ಮಾಡಿದ್ದಾನೆ, ಅದಕ್ಕೇ ರುಚಿ ಕೆಟ್ಟಿದೆ ಅಂದುಕೊಂಡಿದ್ದೆ" ಎಂದರು. ನಾಲ್ವರೂ ನಕ್ಕೆವು. ಅವರು ಸ್ವಲ್ಪ ಕಡಿಮೆ ನಕ್ಕರು.

ಇನ್ನು ಮಗಳು. ಅಪ್ಪನ ವಿಷಯದಲ್ಲಿ ತನ್ನ ಮಾತೇ ಗೆದ್ದಿತು ಅಂದುಕೊಂಡಿದ್ದಳು. ನಿನ್ನ ಬಗ್ಗೆ ಹೇಳು ಎಂದೆ. ಈ ವರ್ಷ ಮಗು ಬೇಕೆಂದಿದ್ದಾರೆ, ಥೈರಾಯ್ಡ್ ವರದಿ ವಿಚಿತ್ರವಾಗಿ ಬಂದು ತಲೆ ಕೆಟ್ಟಿದೆ ಎಂದಳು. ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಎಂಬ ವಿಟಮಿನ್ ದೊಡ್ಡ ಪ್ರಮಾಣದಲ್ಲಿತ್ತು. ಅದು ಕೆಲವು ರಕ್ತಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ, ಥೈರಾಯ್ಡ್ ಅದರಲ್ಲೊಂದು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ವೈದ್ಯರಿಗೆ ತಿಳಿಸಿ, ಅದನ್ನು ನಿಲ್ಲಿಸಿ, ಅವರು ಹೇಳಿದಷ್ಟು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸು ಎಂದೆ. ಎರಡನೇ ಸಲ ಥೈರಾಯ್ಡ್ ಸರಿಯಾಗಿಯೇ ಬಂತು.

ಚರ್ಮದ ಡಬ್ಬಿಯಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇತ್ತು. ಬಸಿರಿನಲ್ಲಿ ಅದು ಜಾಸ್ತಿಯಾದರೆ ಮಗುವಿಗೆ ಅಪಾಯ. ಅದನ್ನು ಅಲ್ಲೇ ಪಕ್ಕಕ್ಕೆ ಇಡಿಸಿದೆ. ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಅವಳಿಗೆ ಬೇಕೇಬೇಕಾಗಿದ್ದ ಫೋಲಿಕ್ ಆಮ್ಲ ಅಪ್ಪನ ಹಾಲಿಗೆ ಹೋಗುತ್ತಿತ್ತು. ಅವಳು ನುಂಗುತ್ತಿದ್ದ ಒಂದರಲ್ಲೂ ಇರಲಿಲ್ಲ! ಮಗುವಿನ ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ಬಸಿರಾಗಿರುವುದೇ ಅಷ್ಟರಲ್ಲಿ ಗೊತ್ತಾಗಿರುವುದಿಲ್ಲ. ಹಾಗಾಗಿ ಮಗು ಬೇಕು ಎಂದುಕೊಂಡ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಬೇಕು. ಮೊದಲೊಮ್ಮೆ ಆ ಕೊಳವೆ ಸರಿಯಾಗಿ ಮುಚ್ಚದ ದೋಷವಿದ್ದ ಮಗುವನ್ನು ಹೊತ್ತಿದ್ದ ತಾಯಂದಿರ ಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿದ ಪ್ರಯೋಗ 1991ರಲ್ಲಿ ಹೊರಬಂತು. ಫೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ದೋಷ ನೂರಕ್ಕೆ 72ರಷ್ಟು ಇಳಿದಿತ್ತು. ಅವರಿಗೆ ಕೊಟ್ಟದ್ದು ದಿನಕ್ಕೆ 4 ಮಿಲಿಗ್ರಾಂ, ಹತ್ತು ಪಟ್ಟು. ಅಷ್ಟನ್ನು ವೈದ್ಯರು ಹೇಳದೆ ಯಾರೂ ತೆಗೆದುಕೊಳ್ಳಬಾರದು. ಸೊಪ್ಪಿನಲ್ಲಿ ಫೋಲೇಟ್ (ಇದೇ ವಿಟಮಿನ್ನಿನ ಆಹಾರದ ರೂಪ) ಇದೆಯಲ್ಲ ಎಂದಳು, ಥೇಟ್ ಅಪ್ಪನ ಹಾಗೆ. ಇದೆ, ತಿನ್ನು. ಆದರೆ ಬೇಯಿಸಿದರೆ ಒಂದಷ್ಟು ಹೋಗುತ್ತದೆ, ಮಾತ್ರೆಯದರಷ್ಟು ಮೈಗೂ ಹತ್ತುವುದಿಲ್ಲ. ಇದು ಮುಂದಕ್ಕೆ ಹಾಕುವ ವಿಷಯವಲ್ಲ.

ತಾಯಿಯದು ಬೇಗ ಮುಗಿಯಿತು. ದಿನಾ ಗಾಜಿನ ಕಿಟಕಿ ಮುಚ್ಚಿಕೊಂಡು ಬಿಸಿಲಲ್ಲಿ ಕೂರುತ್ತಾರೆ, ಡಿ ವಿಟಮಿನ್‌ಗೆ. ಡಿ ತಯಾರಾಗಲು ಬೇಕಾದ ಕಿರಣ ಗಾಜು ದಾಟಿ ಬರುವುದಿಲ್ಲ. ಬಿಸಿ ಮಾತ್ರ ಬರುತ್ತದೆ. ಪರೀಕ್ಷೆ ಮಾಡಿಸಿ, ಆಮೇಲೆ ನೋಡೋಣ ಎಂದೆ.

ಐದು ತಿಂಗಳ ಮೇಲೆ ಮೇಷ್ಟ್ರು ಒಬ್ಬರೇ ಬಂದರು, ಎರಡೂ ಚಪ್ಪಲಿ ಹಾಕಿಕೊಂಡು. ಗೋಡೆ ಹಿಡಿಯದೆ ಮುಖ ತೊಳೆಯುತ್ತಾರಂತೆ. ಹೆಬ್ಬೆರಳಿನ ಜೋಮು ಮಾತ್ರ ಹೋಗಿಲ್ಲ. ಪೂರ್ತಿ ಹೋಗುತ್ತದಾ ಎಂದು ಕೇಳಿದರು. ನರ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ, ತಡವಾಗಿ ಹಿಡಿದಾಗ ಕೆಲವೊಮ್ಮೆ ಸ್ವಲ್ಪ ಉಳಿದುಬಿಡುತ್ತದೆ ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸು ಬರಲಿಲ್ಲ.

ಅವರು ಜೇಬಿನಿಂದ ಒಂದು ಹಾಳೆ ತೆಗೆದರು. ಮಗಳ ಏಳೂ ಡಬ್ಬಿಗಳ ಹಿಂಬದಿಯ ಅಕ್ಷರಗಳನ್ನು ಭೂತಕನ್ನಡಿ ಹಿಡಿದು ಓದಿ, ಕೆಂಪು ಪೆನ್ನಿನಲ್ಲಿ ಕೂಡಿಸಿ ತಂದಿದ್ದರು. ಮೂರು ಡಬ್ಬಿಯಲ್ಲಿ ಬಿ6 ಇತ್ತು: 50, 10, 3. ಒಟ್ಟು ದಿನಕ್ಕೆ 63 ಮಿಲಿಗ್ರಾಂ. ಅವಳ ವಯಸ್ಸಿಗೆ ಬೇಕಾದದ್ದು 1.3.

"ಬಿ6 ಜಾಸ್ತಿಯಾದರೆ ಏನಾಗುತ್ತೆ?" ಎಂದರು.

"ಹೆಚ್ಚು ಕಾಲ ಹೋದರೆ ಕೈಕಾಲು ಜೋಮು ಹಿಡಿಯಬಹುದು" ಎಂದೆ. ಅಮೆರಿಕದವರ ಮಿತಿ 100, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಹಾಕಿದ ಮಿತಿ 12 ಎಂದೂ ಹೇಳಿದೆ.

"ಒಂದೇ ಲೆಕ್ಕಕ್ಕೆ ಎರಡು ಉತ್ತರ" ಎಂದು ಗೊಣಗುತ್ತಾ ಎರಡನ್ನೂ ಬರೆದುಕೊಂಡರು. 12ರ ಕೆಳಗೆ ಎರಡು ಗೆರೆ ಎಳೆದು, ಹಾಳೆ ಮಡಚಿ ಜೇಬಿಗಿಟ್ಟು, ಮಗಳಿಗೆ ಫೋನ್ ಮಾಡಲು ಹೊರಗೆ ಹೋದರು.