ಇತರೆ ಖರ್ಚು

ಪ್ರತಿ ಚುನಾವಣೆ ಮುಗಿದು ಐದಾರು ತಿಂಗಳಿಗೆ ಪಕ್ಷಕ್ಕಾಗಿ ದುಡಿದ ಒಬ್ಬಿಬ್ಬರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುತ್ತಾರೆ. ಸೋತ ಪಕ್ಷದವರಲ್ಲ, ಗೆದ್ದ ಪಕ್ಷದವರು. ಸೋತವರಿಗೆ ಬೈಯೋಕೆ ಯಾರಾದರೂ ಸಿಗುತ್ತಾರೆ. ಗೆದ್ದವರು ಕಾಯಬೇಕು.

ಇವರಿಗೆ 47 ವರ್ಷ. ಪಕ್ಷ ಯಾವುದು, ಯಾವ ಚುನಾವಣೆ ಎಂದು ಹೇಳುವುದಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದವರು ಬೆಂಗಳೂರಿನ ವಾರ್ ರೂಮ್‌ವರೆಗೆ, ಅಂದರೆ ಪಕ್ಷದ ಚುನಾವಣಾ ಕಚೇರಿಯವರೆಗೆ, ಬೆಳೆದಿದ್ದರು. 224 ಕ್ಷೇತ್ರಗಳಲ್ಲಿ ಮೂವತ್ತರ ಉಸ್ತುವಾರಿ. ಯಾವುದಾದರೂ ಸರ್ಕಾರಿ ನಿಗಮದಲ್ಲಿ ಹುದ್ದೆ ಕೊಡಿಸುವ ಮಾತಾಗಿತ್ತು, ಸಿಕ್ಕಿರಲಿಲ್ಲ. ರಾತ್ರಿ ನಿದ್ದೆಯಿಲ್ಲ. 'ಅಣ್ಣ', ಅಂದರೆ ಅವರ ನಾಯಕರು, ಫೋನ್ ಮಾಡಬಹುದೆಂದು ಬಚ್ಚಲಿಗೂ ಮೊಬೈಲ್.

ಮೊದಲೆರಡು ಭೇಟಿ ಬರೀ ಬೂತ್ ಲೆಕ್ಕ, ಜಾತಿ ಲೆಕ್ಕದಲ್ಲೇ ಹೋಯಿತು. ಮೂರನೇ ಸಲ ಹೆಂಡತಿಯೂ ಬಂದರು. ಇವರು ಹುಮ್ಮಸ್ಸಿನಿಂದ ವಿವರಿಸುತ್ತಿದ್ದರು: ವಿಧಾನಸಭೆ ಅಭ್ಯರ್ಥಿಯ ಖರ್ಚು 40 ಲಕ್ಷ ದಾಟಬಾರದು, ಫಲಿತಾಂಶದ ನಂತರ 30 ದಿನದೊಳಗೆ ಲೆಕ್ಕ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು. "ಒಂದು ಟೀ ಬಿಲ್ಲೂ ಬಿಡಲ್ಲ ಮೇಡಂ, ಎಲ್ಲಾ ನಾನೇ ಬರೆಸೋದು."

"ನಿಮ್ಮ ಕೈಯಿಂದ ಎಷ್ಟು ಹೋಯ್ತು?" ಸುಮ್ನೆ ಕೇಳಿದೆ.

ಅವರು ಮೊಬೈಲ್ ಮಗುಚಿಟ್ಟರು. ಮೂರು ಭೇಟಿಯಲ್ಲಿ ಅದೇ ಮೊದಲು.

ಅಭ್ಯರ್ಥಿಗೆ ಬರೆಸುವ ಹಾಗೇ ನಿಮ್ಮದೂ ಬರೆಯಿರಿ, 30 ದಿನ ಟೈಮು ಎಂದೆ. ಹದಿನೈದೇ ದಿನಕ್ಕೆ ತಂದರು. ತಾರೀಖು, ವೋಚರ್ ನಂಬರ್, ಎಲ್ಲಾ ಗೆರೆ ಹೊಡೆದ ಪುಸ್ತಕದಲ್ಲಿ. ಹುಡುಗರ ಊಟ, ಆಟೊ ಬಾಡಿಗೆ, ಶಾಮಿಯಾನ. ಕೊನೆಯ ಸಾಲು: 'ಇತರೆ, 1,80,000'. ಹೆಂಡತಿ ನನ್ನ ಮೇಜಿನ ಪೆನ್ನು ತೆಗೆದುಕೊಂಡು 'ಇತರೆ' ಹೊಡೆದುಹಾಕಿ, 'ನನ್ನ ಸರ' ಎಂದು ಬರೆದರು.

ನಾನು ಹೇಳಿದ್ದು ಇಷ್ಟು. ಇದರ ಜೆರಾಕ್ಸ್ ಹಿಡಿದು ಅಣ್ಣನ ಹತ್ತಿರ ಹೋಗಿ. ಹುದ್ದೆ ಕೇಳಬೇಡಿ, ದುಡ್ಡು ಕೇಳಿ. ಮುಂದಿನ ಸಲ ಸಂಬಳ ಎಷ್ಟು, ಖರ್ಚು ಯಾರದು ಅಂತ ಮೊದಲೇ ಕಾಗದದ ಮೇಲೆ ಬರಲಿ. ನಿದ್ದೆಗೆ ಮನೋವೈದ್ಯರನ್ನು ನೋಡಿ.

ರಾಜಕೀಯ ಬಿಡಿ ಅಂತ ಯಾಕೆ ಹೇಳಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳೋದು ಸುಲಭ. ಆದರೆ ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ, ಇಷ್ಟವೂ ಇದೆ. ಕೆಲಸವನ್ನು ಋಣ ಅಂದುಕೊಂಡು ಕಾಯುತ್ತಿದ್ದರಲ್ಲ, ಅವರನ್ನು ತಿನ್ನುತ್ತಿದ್ದುದು ಅದು. ಇಂಥವರು ನಿಮ್ಮ ಮನೆಯಲ್ಲೂ ಇದ್ದರೆ, ಬೈಯುವ ಮೊದಲು ಲೆಕ್ಕ ಬರೆಸಿ.

ಅಣ್ಣ ಅರ್ಧ ಕೊಟ್ಟರಂತೆ. ಸರ ಮನೆಗೆ ಬಂದಿದೆ. ಉಳಿದದ್ದಕ್ಕೆ ಒಂದು ತಾರೀಖು ಹೇಳಿದ್ದಾರೆ, ಇವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.