ಹಳೇ ಜೀಪಿಗೆ ಫೋನಿನ ಪಿಡಿಎಫ್ ಸಾಕಾ, ಅಚ್ಚಾದ ಮ್ಯಾನುಯಲ್ಲೇ ಬೇಕಾ?

ನಿಮ್ಮ ಪ್ರಶ್ನೆ ಓದಿ ನನ್ನ ಹೊಟ್ಟೆ ಚುರ್ ಅಂದಿತು. ತಾತನ ಕಾಲದ ಜೀಪನ್ನು ನೀವೇ ರಿಪೇರಿ ಮಾಡಲು ಹೊರಟಿದ್ದೀರಿ, ಫೋನಿನಲ್ಲಿ ಪಿಡಿಎಫ್ ಇದೆ, ಅಚ್ಚಾದ ಮ್ಯಾನುಯಲ್‌ಗೆ ದುಡ್ಡು ಹಾಕಬೇಕಾ ಅಂತ ಯೋಚನೆ. ಅಲ್ವಾ? ನಾನೂ ಇದನ್ನೇ ಮಾಡಲು ಹೋಗಿ ಎಂಜಿನ್ನಿನ ಒಂದು ಹೆಡ್, ಅಂದರೆ ಅದರ ಮೇಲ್ಭಾಗದ ಎರಕದ ತುಂಡು, ಕಳೆದುಕೊಂಡೆ.

ನಮ್ಮ ತೋಟ ಕೊಡಗಿನ ಅಮ್ಮತ್ತಿ ಕಡೆ. ಜೀಪು ಮಹೀಂದ್ರ ಸಿಜೆ 3ಬಿ, ಪೆಟ್ರೋಲ್, ಎತ್ತರದ ಬಾನೆಟ್ಟಿನದು. ಸರಿಯಾಗಿ ಕಾಫಿ ಕುಯ್ಲಿನ ಹೊತ್ತಿಗೆ ಅದರ ಹೆಡ್ ಗ್ಯಾಸ್ಕೆಟ್ ಹೋಯಿತು, ಅಂದರೆ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ. ಸ್ವಲ್ಪ ಏರು ಸಿಕ್ಕರೆ ಸಾಕು, ರೇಡಿಯೇಟರ್‌ನಲ್ಲಿ ಗುಳುಗುಳು ಗುಳ್ಳೆ. ಗೋಣಿಕೊಪ್ಪದ ಮೇಸ್ತ್ರಿಗೆ ಫೋನ್ ಮಾಡಿದರೆ ಮುಂದಿನ ವಾರ ಅಂದರು. ಕುಯ್ಲಿನ ಸಮಯದಲ್ಲಿ ಮುಂದಿನ ವಾರ ಅಂದರೆ ಯಾವಾಗ ಅಂತ ತೋಟ ಇರುವವರಿಗೆ ಗೊತ್ತು. ನಾನೇ ಬಿಚ್ಚುತ್ತೇನೆ ಅಂತ ಪಾನಾ ಹಿಡಿದೆ.

ಫೋನಿನಲ್ಲಿ ಅಮೆರಿಕದ ಮೂಲ ಜೀಪ್ ಕಂಪನಿ ವಿಲ್ಲಿಸ್‌ನ ಯೂನಿವರ್ಸಲ್ ಜೀಪಿನ ಸರ್ವಿಸ್ ಮ್ಯಾನುಯಲ್ ಇತ್ತು. ಒಳ್ಳೆಯ ಪುಸ್ತಕ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದೇ ಪುಸ್ತಕದಲ್ಲಿ ಎರಡು ಎಂಜಿನ್‌ಗಳ ವಿವರ ಇದೆ. ಹಳೆಯದು ಎಲ್ ಹೆಡ್. ಅದರ ವಾಲ್ವ್‌ಗಳೆಲ್ಲ ಬ್ಲಾಕ್‌ನಲ್ಲೇ ಇರುತ್ತವೆ, ಹೆಡ್ ಬರೀ ಪಾತ್ರೆಯ ಮುಚ್ಚಳ ಇದ್ದ ಹಾಗೆ. ಇನ್ನೊಂದು ಎಫ್ ಹೆಡ್. ಅದರಲ್ಲಿ ಗಾಳಿ, ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲಿ. ಈ ಎಂಜಿನ್ ಎತ್ತರ ಜಾಸ್ತಿ ಆಗಿದ್ದಕ್ಕೇ ವಿಲ್ಲಿಸ್‌ನವರು 1953ರಲ್ಲಿ 3ಬಿ ತಂದಾಗ ಬಾನೆಟ್ ಏರಿಸಿದ್ದು. ಎರಡೂ 134 ಕ್ಯೂಬಿಕ್ ಇಂಚು, ಅಂದರೆ 2.2 ಲೀಟರ್. ಎರಡರಲ್ಲೂ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹತ್ತುವ ಕ್ರಮ, 1-3-4-2. ಮೇಲಿಂದ ಮೇಲೆ ಓದುವವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾನು ಮಾಡಿದ್ದೇನು? ಸರ್ಚ್‌ನಲ್ಲಿ 'ಸಿಲಿಂಡರ್ ಹೆಡ್' ಅಂತ ಹೊಡೆದೆ. ಮೊದಲು ಬಂದಿದ್ದು ಎಲ್ ಹೆಡ್ ಭಾಗ. ಅಲ್ಲಿ ರಾಕರ್, ಅಂದರೆ ಮೇಲಿನಿಂದ ವಾಲ್ವ್ ಒತ್ತುವ ಪುಟ್ಟ ಸನ್ನೆಗಳ ಬಗ್ಗೆ ಒಂದಕ್ಷರ ಇರಲಿಲ್ಲ, ನನ್ನ ಎಂಜಿನ್ ಮೇಲೆ ನೋಡಿದರೆ ಸಾಲಾಗಿ ರಾಕರ್‌ಗಳು. ಆಗಲೇ ಅನುಮಾನ ಬರಬೇಕಿತ್ತು. ಸುಲಭದ ಕೆಲಸ ಅಂತ ಬರೆಯದೆ ಬಿಟ್ಟಿರಬೇಕು ಅಂದುಕೊಂಡು ರಾಕರ್ ಬಿಚ್ಚಿಟ್ಟೆ. ಕಣ್ಣಿಗೆ ಕಂಡ ಹೆಡ್ ಬೋಲ್ಟ್‌ಗಳನ್ನೆಲ್ಲ ತೆಗೆದೆ. ಕಾರ್ಬುರೇಟರ್ ಮಾತ್ರ ಮುಟ್ಟಲಿಲ್ಲ, ಪೈಪ್ ಬಿಚ್ಚಿ ಹೆಡ್ ಜೊತೆಗೇ ಎತ್ತಿದರಾಯಿತು ಅಂತ.

ಎಫ್ ಹೆಡ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಗಾಳಿ, ಪೆಟ್ರೋಲ್ ಒಳಗೆ ತರುವ ಕೊಳವೆ, ಬೇರೆ ತುಂಡಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿರುತ್ತಾರೆ. ಕಾರ್ಬುರೇಟರ್ ಅದರ ಮೇಲೆ ಕೂರುತ್ತದೆ. ಒಂದು ಹೆಡ್ ಬೋಲ್ಟ್ ಇರುವುದು ಆ ಕಾರ್ಬುರೇಟರ್ ಕೆಳಗಿನ ತೂತಿನೊಳಗೆ! ಕಾರ್ಬುರೇಟರ್ ತೆಗೆಯದೆ ಅದು ಕಾಣುವುದೇ ಇಲ್ಲ.

ಹೆಡ್ ಅಲ್ಲಾಡಲಿಲ್ಲ. ಹಳೇ ಗ್ಯಾಸ್ಕೆಟ್ ಕಚ್ಚಿಕೊಂಡಿದೆ ಅಂದುಕೊಂಡು ಮರದ ಸುತ್ತಿಗೆಯಲ್ಲಿ ತಟ್ಟಿದೆ. ಆಮೇಲೆ ಸ್ಕ್ರೂಡ್ರೈವರ್ ತೂರಿಸಿದೆ. ಆಮೇಲೆ ಟೈರ್ ಲಿವರ್. ಟಕ್ ಅಂತು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಹೆಡ್‌ನ ಮೂಲೆಯಲ್ಲಿ ಬಿರುಕು, ಬ್ಲಾಕ್ ಮುಖದ ಮೇಲೆ ಗೀರು. ಮೇಸ್ತ್ರಿ ಕೊನೆಗೆ ಬಂದಾಗ ಮೊದಲು ಕಾರ್ಬುರೇಟರ್ ತೆಗೆದು ಆ ಬೋಲ್ಟ್ ತೋರಿಸಿದರು. "ಇದನ್ನ ಬಿಟ್ಟು ಎಳೆದ್ರಾ ಸಾರ್?" ಅಂತ ಕೇಳಿದರು, ಅಷ್ಟೇ. ಬೈದಿದ್ದರೂ ವಾಸಿಯಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಹೆಡ್ ಸಿಗಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಂದು ಹಳೆಯದು ಸಿಕ್ಕಿತು, ಅದನ್ನು ಲೇತ್‌ಗೆ ಕೊಟ್ಟು ಮುಖ ಮಟ್ಟ ಮಾಡಿಸಿದೆ. ಖರ್ಚು ಹೇಳಲು ಹೋಗುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಪುಸ್ತಕ ಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಪ್ಪನ ಹತ್ತಿರ ಅಚ್ಚಾದ ಮ್ಯಾನುಯಲ್ ಇತ್ತು, ಅಟ್ಟದ ಮೇಲೆ. ನಮ್ಮ ಮಳೆಗೆ ಬೂಸ್ಟು ಹಿಡಿದು ಹಾಳೆಗಳು ಅಂಟಿಕೊಂಡಿದ್ದವು, ಉಳಿದಿದ್ದನ್ನು ಗೆದ್ದಲು ಓದಿ ಮುಗಿಸಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಶೆಡ್‌ನಲ್ಲಿ ಪುಸ್ತಕ ಇಡುವ ಆಸೆ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಅಚ್ಚು ಗೆಲ್ಲುತ್ತದೆ. ಎಫ್ ಹೆಡ್‌ನಲ್ಲಿ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೆ ಬಿಡಬೇಕಾದ ಸಣ್ಣ ಸಂದು, ಇನ್‌ಟೇಕ್‌ಗೆ 0.018 ಇಂಚು, ಎಕ್ಸಾಸ್ಟ್‌ಗೆ 0.016. ನನ್ನ ಪಿಡಿಎಫ್ ಸ್ಕ್ಯಾನ್‌ನಲ್ಲಿ 6 ಮತ್ತು 8 ಎರಡೂ ಒಂದೇ ಥರದ ಕಪ್ಪು ಚುಕ್ಕೆ. ದೊಡ್ಡದು ಮಾಡಿದರೆ ದೊಡ್ಡ ಚುಕ್ಕೆ. ಅಂಕಿಗಳನ್ನು ಇನ್ನೊಂದು ಪ್ರತಿಯ ಜೊತೆ ಹೋಲಿಸದೆ ಆ ಸಂದು ಅಳೆಯುವ ಫೀಲರ್ ಗೇಜ್ ಮುಟ್ಟಬೇಡಿ.

ಈಗ ನಾನು ಪಿಡಿಎಫ್‌ನಿಂದ ಬೇಕಾದ ಅಧ್ಯಾಯ ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸುತ್ತೇನೆ. ಗ್ರೀಸ್ ಆದರೆ ಒರೆಸಿದರಾಯಿತು. ಹೆಡ್ ಬೋಲ್ಟ್ ಬಿಗಿಸುವ ಟಾರ್ಕ್ (ತಿರುಗಿಸುವ ಬಲ) 60ರಿಂದ 70 ಪೌಂಡ್ ಅಡಿ, ಅದನ್ನು ಶೆಡ್ ಗೋಡೆಯ ಮೇಲೇ ಬರೆದಿದ್ದೇನೆ. ಪಾನಾ ಹಿಡಿಯುವ ಮೊದಲು ಇಡೀ ಅಧ್ಯಾಯ ಕೂತು ಓದುತ್ತೇನೆ, ಸರ್ಚ್ ಮಾಡುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬಂದರೆ, ಅದೇ ಸ್ವಲ್ಪ ಅವಸರದ್ದು. ನಿಮ್ಮ ಜೀಪಿನಲ್ಲಿ ಯಾವ ಎಂಜಿನ್ ಇದೆ ಅಂತ ನೀವು ಬರೆದಿಲ್ಲ. ನಮ್ಮ ಕಡೆ ಎಷ್ಟೋ ಹಳೇ ಜೀಪುಗಳಲ್ಲಿ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ್ದಾರೆ. ಮಹೀಂದ್ರ ಬಳಸಿದ ಪ್ಯೂಜೊ ಡೀಸೆಲ್, 2112 ಸಿಸಿಯದು, ಅದಾಗಿದ್ದರೆ ಅಮೆರಿಕದ ಈ ಮ್ಯಾನುಯಲ್ ಎಂಜಿನ್ ಕೆಲಸಕ್ಕೆ ಬರುವುದಿಲ್ಲ. ಬಾನೆಟ್ ಎತ್ತಿ ನೋಡಿ. ಚಪ್ಪಟೆ ಹೆಡ್, ಮೇಲೆ ಸ್ಪಾರ್ಕ್ ಪ್ಲಗ್‌ಗಳಿದ್ದರೆ ಎಲ್ ಹೆಡ್. ಮೇಲೆ ರಾಕರ್ ಕವರ್, ಪ್ಲಗ್ ಪಕ್ಕದಲ್ಲಿದ್ದರೆ ಎಫ್. ಪ್ಲಗ್ ವೈರೇ ಇಲ್ಲದಿದ್ದರೆ ಡೀಸೆಲ್. ಎರಡೂ ಪಕ್ಕದಿಂದ ಫೋಟೋ ತೆಗೆದು ಹಾಕಿ, ಯಾವ ಪುಟ ಪ್ರಿಂಟ್ ತೆಗೆಸಬೇಕು ಹೇಳುತ್ತೇನೆ. ಡೀಸೆಲ್ ಆಗಿದ್ದರೂ ಪಿಡಿಎಫ್ ಅಳಿಸಬೇಡಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚುವಾಗ ಬೇಕಾಗುತ್ತದೆ.